ಅಮೆರಿಕನ್ ಫುಟ್‌ಬಾಲ್‌ನಲ್ಲಿ ಎಲ್ಲರಿಗಿಂತ ದೊಡ್ಡ ರನ್ನಿಂಗ್ ಬ್ಯಾಕ್ ಯಾರು? ನನ್ನ ಓಟು ವಾಲ್ಟರ್ ಪೇಟನ್‌ಗೆ

ಶಿಕಾಗೊ_ಚಳಿ

ಮೊನ್ನೆ ಭಾನುವಾರ ಮಗಳನ್ನು ಕರೆದುಕೊಂಡು ಆರ್ಲಿಂಗ್ಟನ್ ಹೈಟ್ಸ್‌ನಲ್ಲಿ ಒಂದು ಗುಡ್ಡ ಹತ್ತಿದೆ. ಗುಡ್ಡ ಅಂದರೆ ಚಾಮುಂಡಿ ಬೆಟ್ಟದ ಹಾಗೇನಲ್ಲ. ಹಿಂದೆ ಕಸ ಸುರಿಯುತ್ತಿದ್ದ ಜಾಗ, ಮೇಲೆ ಮಣ್ಣು ಮುಚ್ಚಿದ್ದಾರೆ. ಆದರೆ ಕಡಿದಾಗಿದೆ. ಅರ್ಧ ಹತ್ತುವಷ್ಟರಲ್ಲಿ ತೊಡೆ ಉರಿಯುತ್ತದೆ. ರನ್ನಿಂಗ್ ಬ್ಯಾಕ್, ಅಂದರೆ ಚೆಂಡು ಹಿಡಿದು ಓಡುವ ಆಟಗಾರ, ವಾಲ್ಟರ್ ಪೇಟನ್ ಸೀಸನ್ ಇಲ್ಲದ ತಿಂಗಳುಗಳಲ್ಲಿ ಇಲ್ಲೇ ಓಡಿ ಹತ್ತುತ್ತಿದ್ದ, ಇಳಿಯುತ್ತಿದ್ದ, ಮತ್ತೆ ಹತ್ತುತ್ತಿದ್ದ. ಅವನ ಜೊತೆ ಓಡುತ್ತೇವೆ ಎಂದು ಬಂದ ಗಟ್ಟಿಮುಟ್ಟಾದ ಆಟಗಾರರು ಸುಸ್ತಾಗಿ ಕೂತುಬಿಡುತ್ತಿದ್ದರಂತೆ.

ಇಳಿಯುವಾಗ ಮಗಳು ಕೇಳಿದಳು, "ಅಪ್ಪಾ, ಅವನೇ ಬೆಸ್ಟಾ?" ಹೌದು ಎಂದೆ. ಯಾಕೆ ಎಂದು ಕೇಳಿದಳು. ಕಾರಲ್ಲಿ ಮನೆಗೆ ಬರುವವರೆಗೂ ಹೇಳುತ್ತಲೇ ಇದ್ದೆ. ಅದನ್ನೇ ಇಲ್ಲಿ ಬರೆಯುತ್ತೇನೆ.

ಪೇಟನ್ 1975ರಿಂದ 1987ರವರೆಗೆ ಶಿಕಾಗೊ ಬೇರ್ಸ್‌ಗೆ ಆಡಿದ. 13 ಸೀಸನ್, 190 ಪಂದ್ಯ, 16,726 ಯಾರ್ಡ್. ಅಷ್ಟೂ ವರ್ಷಗಳಲ್ಲಿ ತಪ್ಪಿಸಿಕೊಂಡದ್ದು ಒಂದೇ ಒಂದು ಪಂದ್ಯ, ಅದೂ ಮೊದಲ ವರ್ಷ. ಅವನ ಮೊಟ್ಟಮೊದಲ ಪಂದ್ಯದಲ್ಲಿ 8 ಸಲ ಚೆಂಡು ಕೊಟ್ಟರು, ಬಂದದ್ದು ಸೊನ್ನೆ ಯಾರ್ಡ್. ಅಲ್ಲಿಂದ ಶುರುವಾದವನು ಒಟ್ಟು ಯಾರ್ಡ್‌ನಲ್ಲಿ ಜಿಮ್ ಬ್ರೌನ್ ದಾಖಲೆಯನ್ನು 1984ರಲ್ಲಿ ದಾಟಿದ. 1977ರ ನವೆಂಬರ್ 20ರಂದು ಜ್ವರ ಇಟ್ಟುಕೊಂಡೇ ಮಿನ್ನೆಸೋಟ ವಿರುದ್ಧ 275 ಯಾರ್ಡ್ ಓಡಿದ. ಅದು 2000ನೇ ಇಸವಿವರೆಗೆ ಒಂದು ಪಂದ್ಯದ ದಾಖಲೆಯಾಗಿ ಉಳಿಯಿತು.

ಆದರೆ ನನ್ನ ಓಟು ಈ ಅಂಕಿಗಳಿಗಲ್ಲ. ನಾವೆಲ್ಲ ಚೆಂಡು ಹಿಡಿದು ಓಡಿದ್ದನ್ನು ಮಾತ್ರ ಎಣಿಸುತ್ತೇವೆ. ಒಂದು ಪಂದ್ಯದಲ್ಲಿ ರನ್ನಿಂಗ್ ಬ್ಯಾಕ್ ಕೈಗೆ ಚೆಂಡು ಬರುವುದು ಹೆಚ್ಚೆಂದರೆ 20, 25 ಸಲ. ಉಳಿದ ಹೊತ್ತೆಲ್ಲ ಏನು ಮಾಡುತ್ತಾನೆ? ಅಲ್ಲಿ ನೋಡಿ ಪೇಟನ್‌ನನ್ನು. ಬೇರೆ ಯಾರೂ ಅವನ ಹತ್ತಿರ ಬರುವುದಿಲ್ಲ.

ಡಲ್ಲಾಸ್_ದಾವಣಗೆರೆ

18,355 ಯಾರ್ಡ್. ನಮ್ಮ ಡಲ್ಲಾಸ್ ತಂಡದ ಎಮಿಟ್ ಸ್ಮಿತ್. ಎಲ್ಲರಿಗಿಂತ ಜಾಸ್ತಿ ಓಡಿದವನು ಎಲ್ಲರಿಗಿಂತ ದೊಡ್ಡವನಲ್ಲ ಎಂದರೆ ಆಟಕ್ಕೆ ಅಂಕಿ ಯಾಕೆ ಬೇಕು? 164 ಟಚ್‌ಡೌನ್ (ಚೆಂಡನ್ನು ಎದುರಾಳಿಯ ಕೊನೆ ಗೆರೆ ದಾಟಿಸುವುದು) ಬರೀ ಓಟದಲ್ಲೇ. ಮೂರು ಸಲ ಸೂಪರ್ ಬೌಲ್, ಅಂದರೆ ಲೀಗ್‌ನ ಫೈನಲ್, ಗೆದ್ದವನು. ಪೇಟನ್ ದಾಖಲೆಯನ್ನು ಮುರಿದವನೂ ಅವನೇ, 2002ರ ಅಕ್ಟೋಬರ್‌ನಲ್ಲಿ.

ಮಿಶಿಗನ್_ಮಲೆನಾಡು

ಎಮಿಟ್ ಬಗ್ಗೆ ಗೌರವ ಇದೆ ಅಣ್ಣ. ಆದರೆ ಅವನ ಮುಂದೆ ನಿಂತಿದ್ದ ಲೈನ್ ನೋಡಿ, ಎದುರಾಳಿಗಳನ್ನು ತಡೆದು ಅವನಿಗೆ ದಾರಿ ಮಾಡಿಕೊಡುವ ಆಟಗಾರರ ಸಾಲು. ಆ ಕಾಲದ ಡಲ್ಲಾಸ್ ಲೈನಿಗೆ ಜನ ಗೋಡೆ ಎಂದೇ ಹೆಸರಿಟ್ಟಿದ್ದರು. ಅದೇ ಗೋಡೆಯ ಹಿಂದೆ ಬ್ಯಾರಿ ಸ್ಯಾಂಡರ್ಸ್ ಓಡಿದ್ದರೆ? ಈ ಪ್ರಶ್ನೆಗೆ ಡಲ್ಲಾಸ್‌ನವರು ಇವತ್ತಿನವರೆಗೆ ಉತ್ತರ ಕೊಟ್ಟಿಲ್ಲ.

ಬ್ಯಾರಿ ಡೆಟ್ರಾಯ್ಟ್ ಲಯನ್ಸ್‌ಗೆ 10 ವರ್ಷ ಆಡಿದ. 15,269 ಯಾರ್ಡ್. ಒಂದು ಓಟಕ್ಕೆ ಸರಾಸರಿ 5 ಯಾರ್ಡ್, ಎಮಿಟ್‌ಗೆ 4.2. ಎಮಿಟ್ 15 ವರ್ಷ ತೆಗೆದುಕೊಂಡದ್ದನ್ನು ಇವನು ಇನ್ನು ಎರಡು ಮೂರು ವರ್ಷದಲ್ಲಿ ಮುಟ್ಟುತ್ತಿದ್ದ. 1999ರ ಜುಲೈನಲ್ಲಿ, ಪೇಟನ್ ದಾಖಲೆಗೆ ಬರೀ 1,457 ಯಾರ್ಡ್ ಬಾಕಿ ಇದ್ದಾಗ, ತನ್ನೂರು ವಿಚಿಟಾದ ಪತ್ರಿಕೆಗೆ ಒಂದು ಫ್ಯಾಕ್ಸ್ ಕಳಿಸಿ ಆಟ ನಿಲ್ಲಿಸಿದ. ವಯಸ್ಸು 31. ಹಿಂದಿನ ಸೀಸನ್‌ನಲ್ಲಿ ಅಷ್ಟು ಯಾರ್ಡ್ ಓಡಿದ್ದ ಮನುಷ್ಯ!

ನಮ್ಮ ತಂದೆ ವಿಶ್ವನಾಥ್ ಅವರ ಸ್ಕ್ವೇರ್ ಕಟ್ ಬಗ್ಗೆ ಮಾತಾಡುವಾಗ ಎಷ್ಟು ರನ್ ಎಂದು ಯಾವತ್ತೂ ಹೇಳುತ್ತಿರಲಿಲ್ಲ. ಎದ್ದು ನಿಂತು ಮಣಿಕಟ್ಟು ತಿರುಗಿಸಿ ತೋರಿಸುತ್ತಿದ್ದರು. ಬ್ಯಾರಿಯನ್ನು ನೋಡಿದವರೂ ಹಾಗೇ. ಮಾತು ಸಾಲದೆ ಎದ್ದು ನಿಲ್ಲುತ್ತಾರೆ.

ಬೆಂಗಳೂರು_ರಾತ್ರಿಪಾಳಿ

ನಾನು ಈ ಆಟಕ್ಕೆ ಹೊಸಬ. ಆಫೀಸಲ್ಲಿ ಅಮೆರಿಕದ ಟೀಮ್ ಜೊತೆ ಕೆಲಸ, ಭಾನುವಾರ ರಾತ್ರಿ ಹನ್ನೊಂದೂವರೆಗೆ ಪಂದ್ಯ ಹಾಕಿಕೊಂಡು ಕೂರುತ್ತೇನೆ. ಒಂದು ಸಣ್ಣ ಪ್ರಶ್ನೆ. ಒಂದು ಓಟಕ್ಕೆ 4 ಯಾರ್ಡ್, 5 ಯಾರ್ಡ್ ಎಂದು ಇಷ್ಟು ಜೋರಾಗಿ ಮಾತಾಡುತ್ತೀರಲ್ಲ. ಒಂದು ಯಾರ್ಡ್‌ನಲ್ಲಿ ಅಂಥದ್ದೇನಿದೆ?

ಅಂಕಿಅಂಶ_ಅಕ್ಕ

ಒಳ್ಳೇ ಪ್ರಶ್ನೆ. ಯಾರ್ಡ್ ಅಂದರೆ ನಮ್ಮ ಬಟ್ಟೆ ಅಳೆಯುವ ಗಜವೇ, ಮೂರು ಅಡಿ. ಒಂದು ತಂಡಕ್ಕೆ ನಾಲ್ಕು ಅವಕಾಶ, ಅಷ್ಟರಲ್ಲಿ 10 ಗಜ ಮುಂದೆ ಹೋಗಬೇಕು. ಹೋದರೆ ಮತ್ತೆ ನಾಲ್ಕು. ಇಲ್ಲದಿದ್ದರೆ ಚೆಂಡು ಎದುರಾಳಿಗೆ. ನಾಲ್ಕನೇ ಅವಕಾಶದಲ್ಲಿ ಸಾಮಾನ್ಯವಾಗಿ ಚೆಂಡನ್ನು ದೂರಕ್ಕೆ ಒದ್ದುಬಿಡುತ್ತಾರೆ. ಹಾಗಾಗಿ ಕೈಯಲ್ಲಿರುವುದು ಮೂರು. ಪ್ರತಿ ಸಲ 5 ಬಂದರೆ ಎರಡೇ ಓಟಕ್ಕೆ ಕೆಲಸ ಮುಗಿಯಿತು. ಪ್ರತಿ ಸಲ 3 ಬಂದರೆ ಮೂರು ಓಡಿದ ಮೇಲೂ ಒಂದು ಗಜ ಬಾಕಿ. ಆ ವ್ಯತ್ಯಾಸದಲ್ಲೇ ಇಡೀ ಆಟ ಇದೆ.

ಈಗ ಎಲ್ಲರ ಮುಂದೆ ಒಂದು ಲೆಕ್ಕ ಇಡುತ್ತೇನೆ. ಒಟ್ಟು ಯಾರ್ಡ್ ಬಿಡಿ, ಪಂದ್ಯಕ್ಕೆ ಎಷ್ಟು ಎಂದು ನೋಡಿ. ಎಮಿಟ್ 81.2. ಪೇಟನ್ 88. ಟೆರೆಲ್ ಡೇವಿಸ್ 97.5, ಆದರೆ ಮೊಣಕಾಲು ಕೈಕೊಟ್ಟು ಬರೀ 78 ಪಂದ್ಯ. ಬ್ಯಾರಿ 99.8, ಬ್ರಾಡ್ಮನ್ ಸರಾಸರಿಗೆ ಕೂದಲೆಳೆ ಕಡಿಮೆ. ಜಿಮ್ ಬ್ರೌನ್ 104.3. ವೃತ್ತಿಜೀವನ ಪೂರ್ತಿ 100 ದಾಟಿದವನು ಅವನೊಬ್ಬನೇ.

ಕ್ಲೀವ್‌ಲ್ಯಾಂಡ್_ಹಳಬ

ಅಂತೂ ಯಾರೋ ಒಬ್ಬರು ಆ ಹೆಸರು ತೆಗೆದರಲ್ಲ. ಧನ್ಯವಾದ ತಾಯಿ.

ನಾನು ಕ್ಲೀವ್‌ಲ್ಯಾಂಡ್‌ಗೆ ಬಂದದ್ದು 1978ರಲ್ಲಿ. ಜಿಮ್ ಬ್ರೌನ್ ಆಟ ನಿಲ್ಲಿಸಿ ಹನ್ನೆರಡು ವರ್ಷ ಆಗಿತ್ತು. ಆದರೂ ಕೆಲಸದ ಜಾಗದಲ್ಲಿ ಊಟದ ಹೊತ್ತಿಗೆ ಅವನ ಮಾತು ಬರದ ದಿನ ಇರಲಿಲ್ಲ. ಅವರಲ್ಲಿ ಹಿರಿಯರೊಬ್ಬರು ನನಗೆ ಒಂದು ವಿಷಯ ಹೇಳಿದರು. ಆಮೇಲೆ ಹಳೇ ಫಿಲ್ಮ್‌ಗಳಲ್ಲಿ ನಾನೇ ಕಣ್ಣಾರೆ ನೋಡಿದೆ. ಟ್ಯಾಕಲ್ ಆಗಿ ಬಿದ್ದ ಮೇಲೆ ಬ್ರೌನ್ ಏಳುವುದು ತುಂಬ ನಿಧಾನ. ಒಂದು ಮೊಣಕಾಲು, ಒಂದು ಕೈ, ಆಮೇಲೆ ಇನ್ನೊಂದು ಕಾಲು. ತಲೆ ಬಗ್ಗಿಸಿ, ಕಾಲೆಳೆದುಕೊಂಡು ತಂಡದ ಹತ್ತಿರ ನಡೆದು ಹೋಗುತ್ತಾನೆ. ಅಯ್ಯೋ, ಇವನ ಕಥೆ ಮುಗಿಯಿತು ಎನಿಸುತ್ತದೆ. ಮುಂದಿನ ಓಟದಲ್ಲಿ ಅದೇ ಮನುಷ್ಯ ಮೂವರನ್ನು ಎಳೆದುಕೊಂಡು ಓಡುತ್ತಾನೆ. ಪ್ರತಿ ಸಲವೂ ಹಾಗೇ ಏಳುತ್ತಿದ್ದ. ಪೆಟ್ಟಾದರೂ ಅಷ್ಟೇ, ಆಗದಿದ್ದರೂ ಅಷ್ಟೇ. ಅವನಿಗೆ ನಿಜವಾಗಿ ಯಾವಾಗ ನೋವಾಗಿದೆ ಎಂದು ಎದುರಾಳಿಗೆ ಒಂಬತ್ತು ವರ್ಷವೂ ಗೊತ್ತಾಗಲಿಲ್ಲ.

ಒಂಬತ್ತು ಸೀಸನ್, 118 ಪಂದ್ಯ, ಒಂದನ್ನೂ ತಪ್ಪಿಸಲಿಲ್ಲ. ಒಂಬತ್ತರಲ್ಲಿ ಎಂಟು ವರ್ಷ ಲೀಗ್‌ನಲ್ಲೇ ಅತಿ ಹೆಚ್ಚು ಓಡಿದವನು ಅವನೇ. 1962 ಒಂದೇ ವರ್ಷ ಗ್ರೀನ್ ಬೇಯ ಜಿಮ್ ಟೇಲರ್ ಮುಂದೆ ಹೋದ. ಮರುವರ್ಷ ಬ್ರೌನ್ 14 ಪಂದ್ಯದಲ್ಲಿ 1,863 ಯಾರ್ಡ್ ಓಡಿದ. 1964ರಲ್ಲಿ ಕ್ಲೀವ್‌ಲ್ಯಾಂಡ್‌ಗೆ ಚಾಂಪಿಯನ್ ಪಟ್ಟ ತಂದುಕೊಟ್ಟ. ಅದಾದ ಮೇಲೆ ನಮ್ಮ ಊರಿನ ತಂಡ ಬ್ರೌನ್ಸ್‌ಗೆ ಇನ್ನೊಂದು ಬಂದಿಲ್ಲ. 1966ರಲ್ಲಿ ಇಂಗ್ಲೆಂಡ್‌ನಲ್ಲಿ ಸಿನಿಮಾ ಶೂಟಿಂಗ್ ತಡವಾಯಿತು. ಅಭ್ಯಾಸಕ್ಕೆ ಬರದಿದ್ದರೆ ದಂಡ ಹಾಕುತ್ತೇನೆ ಎಂದು ತಂಡದ ಮಾಲೀಕ ಹೇಳಿದ. ಬ್ರೌನ್ ಆಟವನ್ನೇ ಬಿಟ್ಟ. ವಯಸ್ಸು 30.

ಡಲ್ಲಾಸ್_ದಾವಣಗೆರೆ

ಸರ್, ನಿಮ್ಮ ಮಾತಿಗೆ ಎದುರಾಡುತ್ತೇನೆ ಎಂದು ಬೇಜಾರು ಮಾಡಿಕೊಳ್ಳಬೇಡಿ. ಆ ಕಾಲದ ಆಟಗಾರರು ಈಗಿನಷ್ಟು ದೊಡ್ಡವರಿರಲಿಲ್ಲ. ಬ್ರೌನ್ 105 ಕೆಜಿ ಹತ್ತಿರ ಇದ್ದ. ಅವನನ್ನು ತಡೆಯಬೇಕಾದ ಲೈನ್‌ಮನ್‌ಗಳು ಅವನಿಗಿಂತ ಅಂಥಾ ದಪ್ಪ ಇರಲಿಲ್ಲ. ಈಗ ಅಲ್ಲಿ 140 ಕೆಜಿಯವರು ನಿಲ್ಲುತ್ತಾರೆ.

ಅಂಕಿಅಂಶ_ಅಕ್ಕ

ಇದಕ್ಕೆ ನಾನೂ ಒಂದು ಸೇರಿಸುತ್ತೇನೆ. ಬ್ರೌನ್ ಲೀಗ್‌ಗೆ ಬಂದಾಗ ಬರೀ 12 ತಂಡಗಳು. ಕೆಲವು ತಂಡಗಳಲ್ಲಿ ಕಪ್ಪು ಆಟಗಾರರು ಬೆರಳೆಣಿಕೆಯಷ್ಟು. ವಾಷಿಂಗ್ಟನ್ ತಂಡ 1962ರವರೆಗೆ ಒಬ್ಬರನ್ನೂ ಆಡಿಸಿರಲಿಲ್ಲ. ದೇಶದ ಎಷ್ಟೋ ಒಳ್ಳೆಯ ಆಟಗಾರರನ್ನು ಹೊರಗೇ ಇಟ್ಟಿದ್ದ ಲೀಗ್ ಅದು. ಹಾಗಿರುವಾಗ ಆಗಿನ ಅಂಕಿಯನ್ನೂ ಈಗಿನ ಅಂಕಿಯನ್ನೂ ಒಂದೇ ತಕ್ಕಡಿಯಲ್ಲಿ ಹೇಗೆ ತೂಗುವುದು?

ಕ್ಲೀವ್‌ಲ್ಯಾಂಡ್_ಹಳಬ

ಬೇಜಾರೇನಿಲ್ಲ, ಒಳ್ಳೇ ಮಾತು. ತೂಕದ ವಿಷಯ ಒಪ್ಪುತ್ತೇನೆ. ಆದರೆ ತಾಯಿ ಹೇಳಿದ ಎರಡನೇ ವಿಷಯವನ್ನು ಇನ್ನೊಂದು ಕಡೆಯಿಂದ ನೋಡಿ. ಅಂಥ ಲೀಗ್‌ನಲ್ಲಿ ಅವನು ಆಡಿದ. ಕೆಲವು ಊರುಗಳಲ್ಲಿ ತಂಡದ ಹೋಟೆಲಿಗೇ ಕಪ್ಪು ಆಟಗಾರರನ್ನು ಸೇರಿಸದ ಕಾಲ ಅದು. ಮೈದಾನದಲ್ಲಿ ಗುದ್ದು, ಕಣ್ಣಿಗೆ ಬೆರಳು ಎಲ್ಲ ನಡೆಯುತ್ತಿತ್ತು. ಅದನ್ನೆಲ್ಲ ಹೊತ್ತುಕೊಂಡು ಒಂದು ಓಟಕ್ಕೆ 5.2 ಯಾರ್ಡ್. ನನ್ನ ತಕ್ಕಡಿಯಲ್ಲಿ ಅದು ಹಗುರ ಆಗುವುದಿಲ್ಲ, ಇನ್ನೂ ಭಾರ ಆಗುತ್ತದೆ.

ಶಿಕಾಗೊ_ಚಳಿ

ಸರ್, ಇದನ್ನು ಓದಿ ಸುಮ್ನೆ ಸ್ವಲ್ಪ ಹೊತ್ತು ಕೂತಿದ್ದೆ. ಚೆಂಡು ಕೈಯಲ್ಲಿ ಹಿಡಿದು ಓಡುವುದು ಒಂದೇ ಲೆಕ್ಕ ಎಂದರೆ ಬ್ರೌನ್ ಮೊದಲಿಗ, ನಾನು ಒಪ್ಪುತ್ತೇನೆ. ನನ್ನ ವಾದ ಬೇರೆ. ಚೆಂಡು ಕೈಯಲ್ಲಿ ಇಲ್ಲದ ಹೊತ್ತಿನ ವಿಷಯ ಹೇಳಿದೆನಲ್ಲ, ಅದನ್ನು ಒಂದು ಆಟದಲ್ಲೇ ತೋರಿಸುತ್ತೇನೆ. ಬೆಂಗಳೂರಿನವರಿಗೂ ಉಪಯೋಗ ಆಗಬಹುದು.

1985ರ ಸೆಪ್ಟೆಂಬರ್ 19, ಗುರುವಾರ ರಾತ್ರಿ, ಮಿನ್ನೆಸೋಟ. ಬೇರ್ಸ್ 17-9 ಹಿಂದೆ ಇದ್ದಾರೆ. ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆಯುವವನು, ಜಿಮ್ ಮೆಕ್‌ಮಹನ್ ಮೈ ಸರಿಯಿಲ್ಲದೆ ಬೆಂಚಿನಲ್ಲಿದ್ದ. ಮೂರನೇ ಕ್ವಾರ್ಟರ್‌ನಲ್ಲಿ ಒಳಗೆ ಬಂದ. ಬಂದ ಮೇಲಿನ ಮೊದಲ ಅವಕಾಶದಲ್ಲೇ ಎದುರು ತಂಡದ ಲೈನ್‌ಬ್ಯಾಕರ್, ಅಂದರೆ ತಡೆಯುವ ಆಟಗಾರ, ಸೀದಾ ಅವನ ಮೇಲೆ ನುಗ್ಗಿದ. ಆ ಲೈನ್‌ಬ್ಯಾಕರ್‌ನ ಕೆಲಸ ಕ್ವಾರ್ಟರ್‌ಬ್ಯಾಕ್‌ನನ್ನು ನೆಲಕ್ಕೆ ಕೆಡವುವುದು. ಪೇಟನ್ ಅದನ್ನು ಮೊದಲೇ ನೋಡಿದ. ಅಡ್ಡ ಬಂದು ಆ ಲೈನ್‌ಬ್ಯಾಕರ್‌ಗೆ ಹೊಡೆದ ಹೊಡೆತಕ್ಕೆ ದಾರಿ ಅಲ್ಲಿಗೇ ಬಂದ್. ಮೆಕ್‌ಮಹನ್‌ಗೆ ಒಂದು ಕ್ಷಣ ಸಿಕ್ಕಿತು. ಚೆಂಡು ಎಸೆದ. ವಿಲ್ಲಿ ಗಾಲ್ಟ್ ಹಿಡಿದು ಓಡಿದ. 70 ಯಾರ್ಡ್ ಟಚ್‌ಡೌನ್. ಬೇರ್ಸ್ 33-24 ಗೆದ್ದರು.

ಮರುದಿನದ ಅಂಕಿಪಟ್ಟಿಯಲ್ಲಿ ಆ ಟಚ್‌ಡೌನ್ ಎದುರಿಗೆ ಎರಡೇ ಹೆಸರು, ಮೆಕ್‌ಮಹನ್ ಮತ್ತು ಗಾಲ್ಟ್. ಪೇಟನ್ ಹೆಸರು ಎಲ್ಲೂ ಇಲ್ಲ. ಆ ಹೊತ್ತಿಗೆ ಅವನು ಜಗತ್ತಿನಲ್ಲೇ ಅತಿ ಹೆಚ್ಚು ಯಾರ್ಡ್ ಓಡಿದವನು. ವಯಸ್ಸು 31. ಇನ್ನೊಬ್ಬರಿಗಾಗಿ ಎದೆ ಕೊಡಬೇಕಾದ ಅಗತ್ಯ ಏನಿತ್ತು?

ಅದೇ ಸೀಸನ್‌ನ ಸೂಪರ್ ಬೌಲ್‌ನಲ್ಲಿ ಬೇರ್ಸ್ 46-10 ಗೆದ್ದರು. ಪೇಟನ್‌ಗೆ ಒಂದೂ ಟಚ್‌ಡೌನ್ ಸಿಗಲಿಲ್ಲ. ಲೈನ್‌ಮನ್ ವಿಲಿಯಂ ಪೆರ್ರಿಗೆ ಕೂಡ ಒಂದು ಕೊಟ್ಟರು! ಕೋಚ್ ಡಿಟ್ಕಾ ಆಮೇಲೆ ಅದಕ್ಕಾಗಿ ತುಂಬ ನೊಂದುಕೊಂಡರು. ಎದುರಾಳಿಗಳು ಪೇಟನ್‌ನನ್ನೇ ಕಾಯುತ್ತಿದ್ದರು, ಹಾಗಾಗಿ ಉಳಿದವರಿಗೆ ದಾರಿ ಬಿಟ್ಟುಕೊಂಡಿತು. ಆ ಪಂದ್ಯ ನೋಡುವಾಗ ಇವತ್ತಿಗೂ ನನಗೆ ಹೊಟ್ಟೆ ಉರಿಯುತ್ತದೆ.

ಡಲ್ಲಾಸ್_ದಾವಣಗೆರೆ

ಹೀಗೆ ಅಡ್ಡ ನಿಂತು ತಡೆಯುವ, ಅಂದರೆ ಬ್ಲಾಕ್ ಮಾಡುವ ಮಾತು ಬಂದರೆ ಎಮಿಟ್‌ನನ್ನು ಬಿಡಬೇಡಿ. ಅವನೂ ಆ ಕೆಲಸದಲ್ಲಿ ಗಟ್ಟಿಗ. ಇನ್ನು ಧೈರ್ಯದ ಮಾತು. 1994ರ ಜನವರಿ 2, ನ್ಯೂಯಾರ್ಕ್ ಜೈಂಟ್ಸ್ ಮೈದಾನ. ಗೆದ್ದವರಿಗೆ ಡಿವಿಷನ್ (ಲೀಗ್‌ನ ಒಂದು ಗುಂಪು) ಪಟ್ಟ, ಜೊತೆಗೆ ಒಂದು ವಾರ ವಿಶ್ರಾಂತಿ. ಎರಡನೇ ಕ್ವಾರ್ಟರ್‌ನಲ್ಲಿ ಎಮಿಟ್ ಭುಜದ ಕೀಲು ಬಿಟ್ಟುಕೊಂಡಿತು. ಹೊರಗೆ ಹೋಗಲಿಲ್ಲ. ಬಲಗೈ ಪಕ್ಕೆಗೆ ಒತ್ತಿಕೊಂಡು ಓಡಿದ. ಪ್ರತಿ ಸಲ ಬಿದ್ದಾಗ ಮುಖ ನೋಡಬೇಕು. 32 ಓಟ, 168 ಯಾರ್ಡ್. ಮೇಲೆ 10 ಕ್ಯಾಚ್. ಹೆಚ್ಚುವರಿ ಸಮಯದಲ್ಲಿ 16-13 ಗೆಲುವು.

ಮಿಶಿಗನ್‌ನವರೇ, "ಗೋಡೆ" ಎಂದಿರಲ್ಲ. ಅದೇ 1993ರ ಸೀಸನ್‌ನಲ್ಲಿ ಸಂಬಳದ ಮಾತುಕತೆ ಮುಗಿಯದೆ ಎಮಿಟ್ ಮೊದಲ ಎರಡು ಪಂದ್ಯ ಆಡಲಿಲ್ಲ. ಗೋಡೆ ಅಲ್ಲೇ ನಿಂತಿತ್ತು. ಎರಡೂ ಸೋತರು. ಎಮಿಟ್ ಬಂದ, ಸೂಪರ್ ಬೌಲ್ ಗೆದ್ದರು. ಇದೇ ನನ್ನ ಉತ್ತರ.

ಮಿಶಿಗನ್_ಮಲೆನಾಡು

ಆ ಎರಡು ಪಂದ್ಯದ ವಿಷಯಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಒಪ್ಪಿದೆ.

ಬೆಂಗಳೂರು_ರಾತ್ರಿಪಾಳಿ

ನನಗೆ ಗೊತ್ತಿರುವುದು ಸೇಕ್ವಾನ್ ಬಾರ್ಕ್ಲಿ, ಡೆರಿಕ್ ಹೆನ್ರಿ ಇಬ್ಬರೇ. 2024ರ ನವೆಂಬರ್‌ನಲ್ಲಿ ಬಾರ್ಕ್ಲಿ ಓಡುತ್ತಾ ಓಡುತ್ತಾ ತಿರುಗಿ, ಬೆನ್ನು ಮುಂದೆ ಮಾಡಿ ಒಬ್ಬನ ತಲೆ ಮೇಲೆ ಹಾರಿದ್ದನ್ನು ನೋಡಿಯೇ ನಾನು ಈ ಆಟಕ್ಕೆ ಬಿದ್ದದ್ದು. ಅವನು ಈ ಪಟ್ಟಿಯಲ್ಲಿ ಎಲ್ಲಿ ಬರುತ್ತಾನೆ?

ಅಂಕಿಅಂಶ_ಅಕ್ಕ

ಒಂದು ಸೀಸನ್ ಮಾತ್ರ ತೆಗೆದುಕೊಂಡರೆ ತುಂಬ ಮೇಲೆ ಬರುತ್ತಾನೆ. 2024ರಲ್ಲಿ 2,005 ಯಾರ್ಡ್. ನಾಕೌಟ್ ಪಂದ್ಯಗಳನ್ನೂ ಸೇರಿಸಿದರೆ 2,504, ಅದು ದಾಖಲೆ. ಅವನ ತಂಡ ಫಿಲಡೆಲ್ಫಿಯಾಗೆ ಸೂಪರ್ ಬೌಲ್ ಕೂಡ ಬಂತು. ಒಂದು ಸೀಸನ್‌ನ ದಾಖಲೆ ಈಗಲೂ ಎರಿಕ್ ಡಿಕರ್ಸನ್ ಹೆಸರಲ್ಲಿದೆ, 1984ರ 2,105. ಬಾರ್ಕ್ಲಿ ಕೊನೆಯ ಪಂದ್ಯ ಆಡಿದ್ದರೆ ಮುಟ್ಟಬಹುದಿತ್ತು. ನಾಕೌಟ್‌ಗೆ ಗಾಯವಾಗಬಾರದು ಎಂದು ಕೂರಿಸಿದರು. 2012ರಲ್ಲಿ ಏಡ್ರಿಯನ್ ಪೀಟರ್ಸನ್‌ಗೆ 8 ಯಾರ್ಡ್ ಕಡಿಮೆಯಾಯಿತು. ಮೊಣಕಾಲಿನ ಲಿಗಮೆಂಟ್ ಹರಿದುಕೊಂಡ ಮರುವರ್ಷ ಅದು!

2,000 ದಾಟಿದವರು ಒಂಬತ್ತೇ ಜನ. ಅದರಲ್ಲಿ 14 ಪಂದ್ಯದ ಸೀಸನ್‌ನಲ್ಲಿ ದಾಟಿದ್ದು 1973ರಲ್ಲಿ ಓ.ಜೆ. ಸಿಂಪ್ಸನ್ ಒಬ್ಬನೇ. ಆಮೇಲೆ ಮೈದಾನದ ಹೊರಗೆ ಏನೇನಾಯಿತು ಎಂದು ಎಲ್ಲರಿಗೂ ಗೊತ್ತು, ಅದರ ಚರ್ಚೆ ಇಲ್ಲಿ ಬೇಡ. ಇನ್ನೊಂದು ಸ್ವಾರಸ್ಯ ನೋಡಿ. 1997ರಲ್ಲಿ ಬ್ಯಾರಿ ಮೊದಲ ಎರಡು ಪಂದ್ಯ ಸೇರಿ ಓಡಿದ್ದು 53 ಯಾರ್ಡ್. ಉಳಿದ 14 ಪಂದ್ಯದಲ್ಲಿ ಸರಿಯಾಗಿ 2,000. ಆ ಹದಿನಾಲ್ಕರಲ್ಲಿ ಒಂದರಲ್ಲೂ 100ಕ್ಕಿಂತ ಕೆಳಗೆ ಇಳಿಯಲಿಲ್ಲ.

ನನ್ನ ಓಟು ಕೇಳಿದರೆ, ಇಲ್ಲಿ ಯಾರೂ ಹೇಳದ ಒಂದು ಹೆಸರನ್ನು ಮೊದಲ ಐದರಲ್ಲಿ ಇಡುತ್ತೇನೆ. ಮಾರ್ಷಲ್ ಫಾಕ್. 1999ರಲ್ಲಿ ಓಡಿ 1,381, ಕ್ಯಾಚ್ ಹಿಡಿದು 1,048. ಈಗಿನ ತಂಡಗಳು ರನ್ನಿಂಗ್ ಬ್ಯಾಕ್‌ನಿಂದ ಏನು ಬೇಡುತ್ತವೋ ಅದನ್ನು ಅವನು ಇಪ್ಪತ್ತೈದು ವರ್ಷದ ಹಿಂದೆಯೇ ಕೊಟ್ಟಿದ್ದ. ಮೊದಲನೇ ಜಾಗ ಮಾತ್ರ ಬ್ರೌನ್‌ಗೆ. ಲೆಕ್ಕ ಬೇರೆ ಏನನ್ನೂ ಹೇಳಲು ಬಿಡುವುದಿಲ್ಲ.

ಶಿಕಾಗೊ_ಚಳಿ

ಫಾಕ್ ಬಗ್ಗೆ ಸರಿಯಾಗಿ ಹೇಳಿದಿರಿ ಅಕ್ಕ. ಪೇಟನ್ ಕೂಡ 492 ಕ್ಯಾಚ್ ಹಿಡಿದವನು. ಜೊತೆಗೆ ಚೆಂಡು ಎಸೆದು 8 ಟಚ್‌ಡೌನ್.

ಮಿಶಿಗನ್‌ನವರಿಗೆ ಒಂದು ಪ್ರಶ್ನೆ, ಮನಸಿಗೆ ಹಚ್ಚಿಕೊಳ್ಳಬೇಡಿ. 1994ರ ಡಿಸೆಂಬರ್ 31, ಗ್ರೀನ್ ಬೇ ವಿರುದ್ಧ ನಾಕೌಟ್. ಬ್ಯಾರಿ 13 ಓಟ, ಒಟ್ಟು ಮೈನಸ್ 1 ಯಾರ್ಡ್. ತಂಡ 16-12 ಸೋತಿತು. ಎರಡು ಯಾರ್ಡ್ ಸಿಗುವ ಕಡೆ ಎಂಬತ್ತು ಯಾರ್ಡ್‌ಗೆ ಆಸೆಪಟ್ಟು ಹಿಂದಕ್ಕೆ ಓಡುವುದು ಅವನ ರೂಢಿ ಅಲ್ವಾ?

ಮಿಶಿಗನ್_ಮಲೆನಾಡು

ರೂಢಿ ಹೌದು. ಆದರೆ ಆ ಎರಡು ಯಾರ್ಡ್ ಅಲ್ಲಿ ಇತ್ತಾ ಎಂದು ನೋಡಿ. ಎಷ್ಟೋ ಸಲ ಚೆಂಡು ಕೈಗೆ ಬರುವ ಹೊತ್ತಿಗೇ ಎದುರಾಳಿ ಮೈಮೇಲೆ ಬಂದಿರುತ್ತಿದ್ದ. ಹತ್ತು ವರ್ಷದಲ್ಲಿ ಅವನ ತಂಡ ಗೆದ್ದದ್ದು ಒಂದೇ ಒಂದು ನಾಕೌಟ್ ಪಂದ್ಯ. ಅದು 1992ರ ಜನವರಿಯಲ್ಲಿ, ಇದೇ ಡಲ್ಲಾಸ್ ವಿರುದ್ಧ, 38-6. ಆ ಪಂದ್ಯದ ಕೊನೆಯಲ್ಲಿ ಬ್ಯಾರಿಯ 47 ಯಾರ್ಡ್ ಓಟ ಇದೆ. ನಾಲ್ಕೈದು ಜನ ಸುತ್ತ ಮುತ್ತಿದ್ದಾರೆ. ಕಬಡ್ಡಿಯಲ್ಲಿ ರೈಡರ್ ಕೋಟೆಯೊಳಗೆ ಸಿಕ್ಕಿಕೊಂಡ ಹಾಗೆ. ಒಂದು ಕ್ಷಣ ಅವನು ಪೂರ್ತಿ ನಿಂತೇಬಿಟ್ಟ ಎನಿಸುತ್ತದೆ. ಹಿಡಿಯಲು ಬಂದವರ ಕೈಗೆ ಗಾಳಿ ಸಿಗುತ್ತದೆ. ಅವನು ಆ ಗುಂಪಿನಿಂದ ಆಚೆ ಬಂದು ಒಬ್ಬನೇ ಓಡುತ್ತಿರುತ್ತಾನೆ. ಎತ್ತರ ಐದು ಅಡಿ ಎಂಟು ಇಂಚು. ಆ ಸೊಂಟ, ಆ ಪಾದ ಬೇರೆ ಯಾರಿಗೂ ಇರಲಿಲ್ಲ.

ಇನ್ನೊಂದು. 1989, ಅವನ ಮೊದಲ ವರ್ಷದ ಕೊನೆಯ ಪಂದ್ಯ, ಅಟ್ಲಾಂಟಾ. ಇನ್ನು 10 ಯಾರ್ಡ್ ಬಂದರೆ ಲೀಗ್‌ನ ಅತಿ ಹೆಚ್ಚು ಯಾರ್ಡ್‌ಗೆ ಸಮ. ಪಂದ್ಯ ಗೆದ್ದಾಗಿತ್ತು. ಒಳಗೆ ಹೋಗುತ್ತೀಯಾ ಎಂದು ಕೋಚ್ ಕೇಳಿದರೆ ಬೇಡ ಎಂದ. ಉಳಿದವರು ಆಡಲಿ ಎಂದು ಬೆಂಚಿನಲ್ಲಿ ಕೂತ. ಚೆಂಡು ಕೈಯಲ್ಲಿ ಇಲ್ಲದಾಗ ಏನು ಮಾಡಿದ ಎಂದು ಕೇಳಿದಿರಲ್ಲ, ಇದನ್ನೂ ಆ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಶಿಕಾಗೊ_ಚಳಿ

ಸೇರಿಸಿಕೊಂಡೆ. ನನ್ನ ಪಟ್ಟಿಯಲ್ಲಿ ಪೇಟನ್, ಬ್ರೌನ್, ಎಮಿಟ್, ಬ್ಯಾರಿ ಎಂದು ಇತ್ತು. ಈಗ ಬ್ಯಾರಿ ಮೂರಕ್ಕೆ ಬಂದ. ಡಲ್ಲಾಸ್ ಅಣ್ಣ ಕ್ಷಮಿಸಬೇಕು. ಮೊದಲನೆಯದು ಬದಲಾಗುವುದಿಲ್ಲ.

ಡಲ್ಲಾಸ್_ದಾವಣಗೆರೆ

ಕ್ಷಮಿಸುವುದಿಲ್ಲ. ಮುಂದಿನ ಸಲ ಡಲ್ಲಾಸ್‌ಗೆ ಬನ್ನಿ, ಬೆಣ್ಣೆ ದೋಸೆ ಹಾಕಿ ಕೂರಿಸಿ ಆ ಜೈಂಟ್ಸ್ ಪಂದ್ಯ ಪೂರ್ತಿ ತೋರಿಸುತ್ತೇನೆ.

ಕ್ಲೀವ್‌ಲ್ಯಾಂಡ್_ಹಳಬ

ಬ್ರೌನ್ ಬ್ಲಾಕ್ ಮಾಡುತ್ತಿದ್ದುದು ಕಡಿಮೆ. ಇಷ್ಟು ಹೊತ್ತು ಹೇಳದೆ ಕೂತಿದ್ದೆ, ಹೇಳಿಬಿಡುತ್ತೇನೆ. ಅವನ ಕಾಲದವರೇ ಅದನ್ನು ಆಡಿಕೊಂಡಿದ್ದರು. ಶಿಕಾಗೊದವರು ಹೇಳಿದ ಆ 1985ರ ಆಟವನ್ನು ನಿನ್ನೆ ರಾತ್ರಿ ಹುಡುಕಿ ನೋಡಿದೆ. ಚೆಂಡು ಎಲ್ಲಿಗೆ ಹೋಯಿತು ಎಂದು ನೋಡದೆ ಪೇಟನ್ ಒಬ್ಬನನ್ನೇ ನೋಡಿದೆ. ನಾಲ್ಕು ಸಲ ನೋಡಿದೆ. ನನ್ನ ಓಟು ಬ್ರೌನ್‌ಗೇ. ಆದರೆ ಇಬ್ಬರ ನಡುವಿನ ದೂರ ನಾನು ಅಂದುಕೊಂಡಿದ್ದಕ್ಕಿಂತ ಕಡಿಮೆ.

ಬೆಂಗಳೂರು_ರಾತ್ರಿಪಾಳಿ

ಎಲ್ಲರಿಗೂ ಥ್ಯಾಂಕ್ಸ್. ಹಳೇ ಪಂದ್ಯಗಳನ್ನು ನೋಡಲು ಶುರುಮಾಡಿದ್ದೇನೆ, ಮೊದಲನೆಯದು 1997ರ ಥ್ಯಾಂಕ್ಸ್‌ಗಿವಿಂಗ್ ದಿನದ ಪಂದ್ಯ, ಲಯನ್ಸ್ ಮತ್ತು ಬೇರ್ಸ್. ಬ್ಯಾರಿ 167 ಯಾರ್ಡ್, ಮೂರು ಟಚ್‌ಡೌನ್. ಡಿಕರ್ಸನ್‌ನನ್ನು ದಾಟಿ ಒಟ್ಟು ಯಾರ್ಡ್‌ನಲ್ಲಿ ಎರಡನೇ ಜಾಗಕ್ಕೆ ಹೋದದ್ದೂ ಅವತ್ತೇ. ಮೂರು ಸಲವೂ ಕುಣಿಯುತ್ತಾನೇನೋ ಎಂದು ಕಾದೆ. ಮೂರು ಸಲವೂ ನಡೆದು ಬಂದು ಚೆಂಡನ್ನು ಅಂಪೈರ್ ಕೈಗೆ ಕೊಟ್ಟು ಹೋದ.